ಕಾರ್ಪೆಂಟರ್ಸ್ ಅಣ್ಣ-ತಂಗಿ: ಎರಡು ಕಂಠದಿಂದ ಅಷ್ಟು ದನಿ ಹೇಗೆ? ಧಾರವಾಡದ ಶ್ರವಣ ಕಾರ್ಯಕ್ರಮಕ್ಕೆ ಸಲಹೆ ಬೇಕು

ಸಾಧನಕೇರಿ_ಶ್ರೋತೃ:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಪಿಯು, ಡಿಗ್ರಿ ವಿದ್ಯಾರ್ಥಿಗಳಿಗಾಗಿ 90 ನಿಮಿಷದ ಶ್ರವಣ ಕಾರ್ಯಕ್ರಮ ನಡೆಸೋದಿದೆ. ವಿಷಯ ಅಮೆರಿಕದ ಪಾಪ್ ಹಾಡುಗಾರ ಜೋಡಿ ಕಾರ್ಪೆಂಟರ್ಸ್, ಅಂದರೆ ರಿಚರ್ಡ್ ಮತ್ತು ಕ್ಯಾರನ್. ಕೇಳುವ ಮಕ್ಕಳಲ್ಲಿ ಹೆಚ್ಚಿನವರು ಹಿಂದುಸ್ತಾನಿ ಕಲಿಯುವವರು, ಪಾಶ್ಚಾತ್ಯ ಸ್ವರಲಿಪಿ ಗೊತ್ತಿಲ್ಲ.

ಮೊದಲ ಪ್ರಶ್ನೆ: ಯಾವ ಹಾಡು, ಯಾವ ಕ್ರಮದಲ್ಲಿ ಕೇಳಿಸಿದರೆ ಇವರು ಮೇಲೆ ಬಂದ ಬಗೆಯೂ, ಇವರಿಂದ ಮುಂದಿನವರಿಗೆ ಏನು ಉಳಿಯಿತು ಅನ್ನೋದೂ ತಿಳಿಯುತ್ತದೆ?

ಎರಡನೆಯದು: ಕೊನೆಯ ಹದಿನೈದು ನಿಮಿಷ ಇಲ್ಲಿಯವರೇ ಆದ ಅಣ್ಣ-ತಂಗಿ ತಮ್ಮ ದನಿಗಳನ್ನೇ ಪದರ ಪದರವಾಗಿ ರೆಕಾರ್ಡ್ ಮಾಡಿದ ಒಂದು ಹಾಡು ಕೇಳಿಸಬೇಕಂತಿದ್ದಾರೆ. ಸಾಮಾನು ಇಷ್ಟು: ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಕೀಬೋರ್ಡ್. ತಂಗಿಯ ದನಿ ಮಂದ್ರದಲ್ಲಿ ತುಂಬ ಚಲೋ ಇದೆ. ಆದರೆ ನಾಲ್ಕು ಪದರ ಹಾಕಿದ ಕೂಡಲೇ ಎಲ್ಲಾ ಗಿಜಿಗಿಜಿ ಆಗಿ ಮಾತೇ ತಿಳಿಯದ ಹಾಗೆ ಆಗುತ್ತಿದೆ. ಎಲ್ಲಿ ತಪ್ಪುತ್ತಿದೆ?

ವಿನೈಲ್_ಹುಬ್ಬಳ್ಳಿ:

ಹಾಡುಗಳನ್ನು ಬಿಡುಗಡೆಯ ಕ್ರಮದಲ್ಲೇ ಕೇಳಿಸಿ, ಆದರೆ ಆರಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದನ್ನೂ ಎರಡು ಸಲ ಕೇಳಿಸಿ. ಮೊದಲ ಸಲ ಕ್ಯಾರನ್‌ಗೆ ಕಿವಿ ಕೊಡಲಿ, ಎರಡನೇ ಸಲ ಹಿಂದಿನ ದನಿಗಳಿಗೆ.

ಪೀಠಿಕೆ ಐದು ನಿಮಿಷದೊಳಗೆ ಮುಗಿಯಲಿ. ರಿಚರ್ಡ್ ಹುಟ್ಟಿದ್ದು 1946ರಲ್ಲಿ, ಕ್ಯಾರನ್ 1950ರಲ್ಲಿ, ಇಬ್ಬರೂ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. 1963ರಲ್ಲಿ ಮನೆಯವರು ಕ್ಯಾಲಿಫೋರ್ನಿಯಾದ ಡೌನಿಗೆ ಬಂದರು. ಅಣ್ಣ ಪಿಯಾನೋ, ತಂಗಿ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ಸ್ ಹಿಡಿದವಳು, ಹಾಡುಗಾರಿಕೆ ಆಮೇಲೆ ಬಂತು. 1966ರಲ್ಲಿ ಬಾಸ್ ಮತ್ತು ಟ್ಯೂಬಾ ನುಡಿಸುವ ಗೆಳೆಯನೊಬ್ಬನನ್ನು ಸೇರಿಸಿಕೊಂಡು ಮೂವರಾಗಿ ಹಾಲಿವುಡ್ ಬೌಲ್‌ನ ಬ್ಯಾಂಡ್ ಸ್ಪರ್ಧೆ ಗೆದ್ದರು. ಅದರಿಂದ ಆರ್‌ಸಿಎ ಕಂಪನಿಯ ಕರಾರು ಸಿಕ್ಕರೂ ಯಾವ ಹಾಡೂ ಬಿಡುಗಡೆಯಾಗಲಿಲ್ಲ. 1969ರ ಏಪ್ರಿಲ್‌ನಲ್ಲಿ ಹರ್ಬ್ ಆಲ್ಪರ್ಟ್ ತಮ್ಮ ಎ ಅಂಡ್ ಎಂ ರೆಕಾರ್ಡ್ ಕಂಪನಿಗೆ ಸೇರಿಸಿಕೊಂಡರು. ಆಗ ಕ್ಯಾರನ್‌ಗೆ 19 ವರ್ಷ, ಅಲ್ಲಿನ ಆಗಿನ ಕಾನೂನಿಗೆ ಇನ್ನೂ ಅಪ್ರಾಪ್ತೆ, ಹೀಗಾಗಿ ಕರಾರಿಗೆ ತಂದೆತಾಯಿಯೂ ಸಹಿ ಹಾಕಬೇಕಾಯಿತು. ನಿಮ್ಮ ಮಕ್ಕಳ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ, ಇದನ್ನು ತಪ್ಪದೆ ಹೇಳಿ.

ಮೊದಲ ಹಾಡು 1969ರ 'ಟಿಕೆಟ್ ಟು ರೈಡ್'. ಬೀಟಲ್ಸ್ ಹಾಡನ್ನು ನಿಧಾನ ಮಾಡಿ ಹಾಡಿದ್ದು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 54ನೇ ಸ್ಥಾನಕ್ಕೆ ನಿಂತಿತು. ಇದನ್ನು ಕೇಳಿಸದೆ ನೇರ ಜನಪ್ರಿಯ ಹಾಡಿಗೆ ಹೋದರೆ ಇವರ ಏಳಿಗೆ ಅರ್ಥವೇ ಆಗುವುದಿಲ್ಲ. ಆ ಮೊದಲ ಆಲ್ಬಮ್‌ನಲ್ಲಿ ಹಲವು ಹಾಡುಗಳಿಗೆ ಮುಖ್ಯ ದನಿ ರಿಚರ್ಡ್‌ನದು. ತಂಗಿಯ ದನಿ ಮುಂದೆ, ತಾನು ಪಿಯಾನೋ ಮತ್ತು ವಾದ್ಯ ಸಂಯೋಜನೆಗೆ ಎಂದು ಅಣ್ಣ ಹಿಂದೆ ಸರಿದದ್ದೇ ಇವರ ತಿರುವು ಅಂತ ನನ್ನ ದೃಢ ಅಭಿಪ್ರಾಯ. ಒಂದು ಎಚ್ಚರಿಕೆ: 1973ರ ಸಂಕಲನಕ್ಕಾಗಿ ಕ್ಯಾರನ್ ಈ ಹಾಡನ್ನು ಮತ್ತೆ ಹಾಡಿದ್ದಾಳೆ. ನಿಮಗೆ ಬೇಕಾದ್ದು 1969ರ ದನಿ, ಆದ್ದರಿಂದ ಮೊದಲ ಆಲ್ಬಮ್‌ನದೇ ತೆಗೆದುಕೊಳ್ಳಿ.

ಎರಡನೆಯದು 1970ರ 'ಕ್ಲೋಸ್ ಟು ಯೂ'. ಬರ್ಟ್ ಬ್ಯಾಕರಾಕ್, ಹಾಲ್ ಡೇವಿಡ್ ಜೋಡಿಯ ಈ ಹಾಡನ್ನು 60ರ ದಶಕದಲ್ಲೇ ಬೇರೆಯವರು ಹಾಡಿದ್ದರು, ದೊಡ್ಡ ಹೆಸರು ಮಾಡಿರಲಿಲ್ಲ. ಇವರದು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಮೊದಲ ಸಾಲುಗಳಲ್ಲಿ ಪಿಯಾನೋ ಎಷ್ಟು ಕಡಿಮೆ ನುಡಿಯುತ್ತದೆ ಗಮನಿಸಿ. ಪದರ ದನಿಗಳು ಪೂರ್ತಿ ಅರಳುವುದು ಕೊನೆಗೆ ಬರುವ 'ವಾ' ಎಂಬ ಉದ್ಗಾರದಲ್ಲಿ.

ಮೂರನೆಯದು ಅದೇ ವರ್ಷದ 'ವೀವ್ ಓನ್ಲಿ ಜಸ್ಟ್ ಬಿಗನ್'. ಇದು ಮೊದಲು ಕ್ಯಾಲಿಫೋರ್ನಿಯಾದ ಒಂದು ಬ್ಯಾಂಕಿನ ಟಿವಿ ಜಾಹೀರಾತಿನ ಹಾಡು. ರಿಚರ್ಡ್ ಅದನ್ನು ಟಿವಿಯಲ್ಲಿ ಕೇಳಿ, ಪೂರ್ಣ ಹಾಡು ಇದೆಯೇ ಎಂದು ವಿಚಾರಿಸಿ ತೆಗೆದುಕೊಂಡ. ಎರಡನೇ ಸ್ಥಾನಕ್ಕೆ ಏರಿತು. ನಾಲ್ಕನೆಯದು 1971ರ 'ಸೂಪರ್‌ಸ್ಟಾರ್', ಮಂದ್ರದ ದನಿಗಾಗಿ. ಗಂಗೂಬಾಯಿ ಹಾನಗಲ್ಲರ ಊರಿನ ಕಡೆಯ ಮಕ್ಕಳಿಗೆ ಹೆಣ್ಣುದನಿಯ ಮಂದ್ರ ಹೊಸದಲ್ಲ. ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾದ ದನಿಯನ್ನೇ ಗಂಗೂಬಾಯಿ ತಮ್ಮ ಗುರುತು ಮಾಡಿಕೊಂಡರು. ಕ್ಯಾರನ್‌ಗೆ ಕೆಳಗಿನ ದನಿ ಹುಟ್ಟಿನಿಂದ ಬಂದದ್ದು. ಅಣ್ಣ ಬೇಕಂತಲೇ ಹಾಡುಗಳ ಪಟ್ಟಿಯನ್ನು, ಅಂದರೆ ಶ್ರುತಿಯನ್ನು, ಕೆಳಗಿಟ್ಟ. ಪಾಪ್ ಹಾಡು ಅಂದರೆ ಮೇಲಿನ ಷಡ್ಜಕ್ಕೆ ಏರಿ ಕೂಗಬೇಕು ಎಂದುಕೊಂಡವರು ಇದನ್ನು ಕೇಳಲೇಬೇಕು.

ಐದನೆಯದು 1972ರ 'ಗುಡ್‌ಬೈ ಟು ಲವ್'. ಮೃದುವಾದ ಹಾಡಿನ ನಡುವೆ ಟೋನಿ ಪೆಲೂಸೊ ನುಡಿಸಿದ ಗರಗರ ದನಿಯ ಎಲೆಕ್ಟ್ರಿಕ್ ಗಿಟಾರ್ ಬರುತ್ತದೆ. ಆಗ ಕೆಲವು ಅಭಿಮಾನಿಗಳು ಸಿಟ್ಟಿನ ಪತ್ರ ಬರೆದರು. ಮುಂದೆ ಎಷ್ಟೋ ರಾಕ್ ತಂಡಗಳು ನಿಧಾನದ ಹಾಡಿನಲ್ಲಿ ಇದೇ ರಚನೆ ಹಿಡಿದವು. ಆರನೆಯದು 'ಟಾಪ್ ಆಫ್ ದಿ ವರ್ಲ್ಡ್'. 1972ರಲ್ಲಿ ಆಲ್ಬಮ್ಮಿನ ಒಂದು ಹಾಡಾಗಿಯೇ ಉಳಿದಿತ್ತು. ಲಿನ್ ಆಂಡರ್ಸನ್ ಹಾಡಿ ಅಮೆರಿಕದ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿಸಿದ ಮೇಲೆ ಇವರು 1973ರಲ್ಲಿ ದನಿ ಮತ್ತೆ ಹಾಡಿ ಬಿಡುಗಡೆ ಮಾಡಿದರು, ಮೊದಲ ಸ್ಥಾನ ಬಂತು.

ಉಳಿದದ್ದು ಏನು ಎಂಬುದಕ್ಕೆ ಮೂರು ಉದಾಹರಣೆ ಸಾಕು. 1994ರಲ್ಲಿ ಪರ್ಯಾಯ ರಾಕ್ ತಂಡಗಳು ಇವರ ಹಾಡುಗಳನ್ನು ಹಾಡಿ ಒಂದು ಗೌರವ ಆಲ್ಬಮ್ ತಂದವು. ಸೋನಿಕ್ ಯೂತ್ ಹಾಡಿದ 'ಸೂಪರ್‌ಸ್ಟಾರ್' ಅದರಲ್ಲಿದೆ. 1995ರಲ್ಲಿ ಜಪಾನಿನ ಒಂದು ಟಿವಿ ಧಾರಾವಾಹಿ ಇವರ ಹಾಡು ಬಳಸಿದ್ದರಿಂದ ಅಲ್ಲಿನ ಹೊಸ ತಲೆಮಾರು ಇವರ ಸಂಕಲನವನ್ನು ಕೊಂಡು ಕೇಳಿತು. ಇನ್ನು ಬಿಲ್ಲಿ ಐಲಿಶ್ ಮತ್ತು ಅಣ್ಣ ಫಿನಿಯಸ್: ಮನೆಯ ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡಿದ ಆಲ್ಬಮ್‌ಗೆ 2020ರಲ್ಲಿ ಗ್ರ್ಯಾಮಿಯ ದೊಡ್ಡ ಪ್ರಶಸ್ತಿಗಳು ಬಂದವು. ಅಣ್ಣ ಸಂಯೋಜಕ, ತಂಗಿ ಮೈಕಿನ ಹತ್ತಿರ ಸಣ್ಣ ದನಿಯಲ್ಲಿ, ಹಿಂದೆ ಅವಳದೇ ಪದರಗಳು. ಇವರು ಕಾರ್ಪೆಂಟರ್ಸ್‌ನಿಂದ ನೇರ ಕಲಿತರು ಎಂದು ಹೇಳಬೇಡಿ. ಕೆಲಸ ಹಂಚಿಕೊಂಡ ರೀತಿ ಒಂದೇ ಎಂದು ತೋರಿಸಿ.

ಕೌದಿ_ರೆಕಾರ್ಡಿಂಗ್:

ಎರಡನೇ ಪ್ರಶ್ನೆಗೆ ಉತ್ತರ. ಗಿಜಿಗಿಜಿಗೆ ಕಾರಣ ಸಾಮಾನ್ಯವಾಗಿ ಮೂರು: ಕೋಣೆಯ ಅನುರಣನ (ಗೋಡೆಗೆ ಬಡಿದು ಮರಳುವ ದನಿ, ರಿವರ್ಬ್) ಪ್ರತಿ ಪದರದ ಜೊತೆ ಸೇರಿ ಹೆಚ್ಚುವುದು, ವ್ಯಂಜನಗಳು ಒಂದೇ ಕ್ಷಣಕ್ಕೆ ಬೀಳದಿರುವುದು, ಎಲ್ಲ ಪದರವನ್ನೂ ಮುಖ್ಯ ದನಿಯಷ್ಟೇ ಜೋರಾಗಿ ಇಡುವುದು.

ಮೊದಲು ಕಾರ್ಪೆಂಟರ್ಸ್ ಪದ್ಧತಿ ತಿಳಿದುಕೊಳ್ಳಿ. ಬಾಲ್ಯದಲ್ಲಿ ರಿಚರ್ಡ್ ಮನೆಯಲ್ಲಿ ಕೇಳಿದ್ದು ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ದಂಪತಿಯ ರೆಕಾರ್ಡುಗಳು. ಒಬ್ಬಳೇ ಹಾಡುಗಾರ್ತಿಯ ದನಿಯನ್ನು ಮತ್ತೆ ಮತ್ತೆ ಮುದ್ರಿಸಿ ಪೇರಿಸುವ ದಾರಿ ಅಲ್ಲಿಂದ. ಕಾಲೇಜಿನಲ್ಲಿ ಫ್ರಾಂಕ್ ಪೂಲರ್ ಎಂಬ ಗುರುಗಳ ಕೈಯಲ್ಲಿ ವೃಂದಗಾನದ ಶಿಸ್ತು ಕಲಿತರು. ಇವರ ಸಾಮಾನ್ಯ ಕ್ರಮ ನಾಲ್ಕು ಭಾಗದ ಸಂಗತಿ (ಬೇರೆ ಬೇರೆ ಸ್ವರ ಒಟ್ಟಿಗೆ ಹಾಡುವ ಹಾರ್ಮನಿ), ಪ್ರತಿ ಭಾಗ ಮೂರು ಸಲ, ಒಟ್ಟು 12 ದನಿ. ಟೇಪಿನಲ್ಲಿ ಟ್ರ್ಯಾಕುಗಳು ಎಣಿಕೆಯವು, ಹಾಗಾಗಿ ಒಂದು ಭಾಗ ಮುಗಿದ ಮೇಲೆ ಒಂದೇ ಟ್ರ್ಯಾಕಿಗೆ ಕೂಡಿಸಿ ಉಳಿದದ್ದನ್ನು ತೆರವು ಮಾಡಬೇಕಿತ್ತು. ಕೂಡಿಸಿದ ಮೇಲೆ ಸರಿಪಡಿಸುವಂತಿಲ್ಲ. ಆದ್ದರಿಂದಲೇ ಪ್ರತಿ ಸಲವೂ ಅಷ್ಟು ಚೊಕ್ಕ ಹಾಡಿದ್ದಾರೆ.

ಕೋಣೆ: ಚಿಕ್ಕ ಕೋಣೆ ಆರಿಸಿ, ಫ್ಯಾನ್ ಬಂದ್ ಮಾಡಿ. ತಗಡಿನ ಮಾಳಿಗೆ ಇದ್ದರೆ ಮಳೆ ಇಲ್ಲದ ಹೊತ್ತು ನೋಡಿ. ಹಾಡುವವರ ಬೆನ್ನ ಹಿಂದೆ ಎರಡು ದಪ್ಪ ಕೌದಿ ತೂಗುಹಾಕಿ, ಗೋಡೆಗೆ ಅಂಟದಂತೆ ಒಂದು ಗೇಣು ಬಿಟ್ಟು. ಮೈಕ್ ನೋಡುವುದು ಆ ದಿಕ್ಕನ್ನೇ, ಆದ್ದರಿಂದ ಬೆನ್ನ ಹಿಂದಿನ ಕೌದಿ ಮುಂದಿನದಕ್ಕಿಂತ ಮುಖ್ಯ. ನೆಲಕ್ಕೆ ನವಲಗುಂದದ ಜಮಖಾನೆಯಂಥ ದಪ್ಪ ಹಾಸು ಹಾಕಿ. ಚಪ್ಪಾಳೆ ತಟ್ಟಿದರೆ ಝಣ್ ಎಂಬ ಬಾಲ ಕೇಳಬಾರದು.

ರೆಕಾರ್ಡಿಂಗ್ 48,000 ಹರ್ಟ್ಸ್, 24 ಬಿಟ್. ಮೈಕಿಗೆ 48 ವೋಲ್ಟ್ ಚಾಲೂ ಮಾಡಿ. ಜೋರಾದ ಸಾಲಿನಲ್ಲಿ ಮೀಟರ್ ಮೈನಸ್ 12ರಿಂದ ಮೈನಸ್ 10 ಡಿಬಿ ನಡುವೆ ಇರುವಂತೆ ಗೇನ್ ಇಡಿ. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಸದ್ದು ಹೋದರೆ ಅರ್ಥಿಂಗ್ ದೋಷ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಅದರಲ್ಲಿ ದನಿ ತಡವಾಗಿ ಬರುತ್ತದೆ, ಹಾಡುವವರು ತಾಳಕ್ಕೆ ಹಿಂದೆ ಬೀಳುತ್ತಾರೆ. ತಂತಿ ಇರುವುದೇ ಆಗಬೇಕು, ಇಂಟರ್‌ಫೇಸಿನ ನೇರ ಮಾನಿಟರ್ ಬಳಸಬೇಕು. ಹೆಡ್‌ಫೋನಿನ ಒಂದು ಕಿವಿ ಸರಿಸಿ ಹಾಡಿದರೆ ಶ್ರುತಿ ನಿಲ್ಲುವುದು ಸುಲಭ. ಆದರೆ ಸರಿಸಿದ ಬದಿಯಿಂದ ಕ್ಲಿಕ್ (ತಾಳದ ಟಿಕ್ ಟಿಕ್ ಸದ್ದು) ಮೈಕಿಗೆ ಸೋರದಂತೆ ಆ ಬದಿಯ ದನಿ ಪೂರ್ತಿ ತಗ್ಗಿಸಿ.

ಮುಖ್ಯ ದನಿ: ಮೈಕಿನಿಂದ ಒಂದು ಮುಷ್ಟಿಯಷ್ಟು ದೂರ, ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಜಾಳಿಗೆ) ನಡುವೆ. ಇಂಥ ಮೈಕ್ ಹತ್ತಿರದ ದನಿಯ ಕೆಳಭಾಗವನ್ನು ತಾನೇ ಹಿಗ್ಗಿಸುತ್ತದೆ, ಆದ್ದರಿಂದ ಮಂದ್ರಕ್ಕೆ ತಂಗಿ ಒತ್ತು ಹಾಕಬಾರದು, ಮಾತಾಡುವಷ್ಟೇ ಜೋರು ಸಾಕು. ಪಟ್ಟಿ ಹೀಗೆ ಗೊತ್ತು ಮಾಡಿ: ಆಕೆ ಸಲೀಸಾಗಿ ಹಿಡಿಯುವ ಅತಿ ಕೆಳಗಿನ ಸ್ವರ ಹುಡುಕಿ, ಹಾಡಿನ ಅತಿ ಕೆಳಗಿನ ಸ್ವರ ಅದಕ್ಕಿಂತ ಕೀಬೋರ್ಡಿನ ಎರಡು ಮನೆ ಮೇಲಿರಲಿ. ಎರಡೂ ಒಂದೇ ಇಟ್ಟರೆ ಬೆಳಗಿನ ಹೊತ್ತು ಬರುವ ಸ್ವರ ಸಂಜೆ ಬರುವುದಿಲ್ಲ.

ಪದರಗಳು: ಮೈಕಿನಿಂದ ಒಂದಡಿ ಹಿಂದೆ ಸರಿಯಿರಿ. ಒಂದು ಭಾಗವನ್ನು ಸತತ ಮೂರು ಸಲ ಹಾಡಿ ಮುಗಿಸಿ, ಆಮೇಲೆ ಮುಂದಿನ ಭಾಗ. ಒಂದೇ ಸಲ ಹಾಡಿದ್ದನ್ನು ಕಾಪಿ ಮಾಡಿ ಅಂಟಿಸಬೇಡಿ. ಹಾಗೇ ಅಂಟಿಸಿದರೆ ದನಿ ಜೋರಾಗುತ್ತದೆ ಅಷ್ಟೇ, ಸ್ವಲ್ಪ ಸರಿಸಿ ಅಂಟಿಸಿದರೆ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಮೂರು ಬೇರೆ ಉಸಿರಿನ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ದನಿಗೆ ಅಗಲ ಬರುವುದು. ಸ, ಶ, ಟ, ಕ ಮೊದಲಾದ ಅಕ್ಷರಗಳನ್ನು ಪ್ರತಿ ಭಾಗದಲ್ಲಿ ಒಂದೇ ಸಲ ಸ್ಪಷ್ಟವಾಗಿ ಹೇಳಿ, ಉಳಿದ ಎರಡರಲ್ಲಿ ನುಂಗಿಬಿಡಿ. ಸ್ವರಾಕ್ಷರಕ್ಕೆ ಬಾಯಿ ಎಷ್ಟು ತೆರೆಯಬೇಕೆಂದು ಅಣ್ಣ-ತಂಗಿ ಮೊದಲೇ ಕನ್ನಡಿ ಮುಂದೆ ಹೊಂದಿಸಿಕೊಳ್ಳಲಿ. ಒಡಹುಟ್ಟಿದವರ ಉಚ್ಚಾರ, ಬಾಯಿಯ ಗಾತ್ರ ಹತ್ತಿರ ಇರುವುದರಿಂದ ಇದು ಬೇರೆ ಜೋಡಿಗಿಂತ ಬೇಗ ಕೂಡುತ್ತದೆ.

ಮಿಶ್ರಣ: ಮುಖ್ಯ ದನಿ ನಡುವೆ. ಪ್ರತಿ ಭಾಗದ ಮೂರರಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ನಡುವೆ ತೀರ ಸಣ್ಣಗೆ. ಪದರಗಳಿಗೆ 120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 300ರ ಸುತ್ತ 3 ಡಿಬಿ ಇಳಿಸಿ. ಅಣ್ಣನ ಕೆಳಗಿನ ಭಾಗ ಇದ್ದರೆ ಅದಕ್ಕೆ ಮಾತ್ರ 80. ಎಲ್ಲ ಪದರ ಒಂದು ಗುಂಪಿಗೆ ಕಳಿಸಿ, ಆ ಗುಂಪು ಮುಖ್ಯ ದನಿಗಿಂತ 8ರಿಂದ 10 ಡಿಬಿ ಕೆಳಗಿರಲಿ. ಅನುರಣನ ಪ್ರತಿ ಟ್ರ್ಯಾಕಿಗೂ ಹಾಕಬೇಡಿ, ಗುಂಪಿಗೆ ಒಂದೇ.

ಗದಗ_ಪೇಟಿ:

ಕೌದಿಯವರು ಹೇಳಿದ್ದು ಎಲ್ಲಾ ಖರೆ. ಆದ್ರ ಹಿಂದುಸ್ತಾನಿ ಕಲಿತ ಹುಡುಗರಿಗೆ ತೊಂದ್ರಿ ಬರೋದು ಗಾಂಧಾರದಾಗ. ನಾವು ತಾನ್‌ಪುರಕ್ಕ ಕೂಡಿಸಿ ಹಚ್ಚೋ ಶುದ್ಧ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ 14 ಸೆಂಟ್ (ಅಕ್ಕಪಕ್ಕದ ಎರಡು ಮನಿ ನಡುವಿನ ಅಂತರದಾಗ ನೂರಕ್ಕ 14 ಪಾಲು) ಕೆಳಗ ಐತಿ, ಧೈವತ ಹೆಚ್ಚುಕಡಿಮಿ 16 ಸೆಂಟ್ ಕೆಳಗ. ಬಿಳಿ ಒಂದರ (ಕೀಬೋರ್ಡಿನ ಸಿ ಮನಿ ಷಡ್ಜ ಆದಾಗ) ಮಧ್ಯ ಸಪ್ತಕದಾಗ ಲೆಕ್ಕ ಹಾಕಿದ್ರ ಹಾಡೋ ಗಾಂಧಾರ 327 ಹರ್ಟ್ಸ್, ಕೀಬೋರ್ಡಿಂದು 329.6. ಎರಡೂ ಕೂಡಿದ್ರ ಸೆಕೆಂಡಿಗೆ ಎರಡೂವರಿ ಸಲ ಅಲಿ ಏಳತೈತಿ. ಒಂದ ದನಿ ಇದ್ದಾಗ ಯಾರಿಗೂ ತಿಳಿಯಂಗಿಲ್ಲ. ಮೂರು ಪದರ ಶುದ್ಧಕ್ಕ, ಮೂರು ಪದರ ಕೀಬೋರ್ಡಿಗೆ ನಿಂತ್ರ ಎಲ್ಲಾ ಕದಡಿ ಹೋಗತೈತಿ. ನಿಮ್ಮ ಗಿಜಿಗಿಜಿಗೆ ಇದೂ ಒಂದು ಕಾರಣ ಇರಬೇಕ್ರಿ.

ಎರಡು ದಾರಿ ಅದಾವ, ಒಂದು ಹಿಡೀರಿ, ನಡುವ ನಿಲ್ಲಬ್ಯಾಡ್ರಿ. ಕಾರ್ಪೆಂಟರ್ಸ್ ಹಾಡ ಹಾಡೋದಿದ್ರ ಕೀಬೋರ್ಡಿನ ಗಾಂಧಾರಕ್ಕ ದನಿ ಹೊಂದಸ್ರಿ, ಪದರ ಹಾಡೋ ಮುಂದ ತಾನ್‌ಪುರ ಬಂದ್. ನಮ್ಮ ಹಾಡು ಹಾಡೋದಿದ್ರ ಕೀಬೋರ್ಡಿನಾಗ ಷಡ್ಜ ಪಂಚಮ ಎರಡ ಹಿಡೀರಿ, ಗಾಂಧಾರ ಧೈವತ ಬಾಯಿಗೆ ಬಿಡ್ರಿ. ಹಳೆ ಪೇಟಿ (ಹಾರ್ಮೋನಿಯಂ) ಮತ್ತ ಕೀಬೋರ್ಡ್ ಎರಡೂ ಕೂಡಿಸಬ್ಯಾಡ್ರಿ, ಹಳೆ ಪೇಟಿ ರೀಡು ಕೀಬೋರ್ಡಿನ 440 ಹರ್ಟ್ಸ್ ಅಳತಿಗೆ ನಿಂತಿರೋದು ಕಡಿಮಿ.

ಎರಡನೇದ್ದು ಮೀಂಡ, ಅಂದ್ರ ಸ್ವರದಿಂದ ಸ್ವರಕ್ಕ ಜಾರೋದು. ಮುಖ್ಯ ದನಿಗೆ ಮೀಂಡ, ಖಟಕಾ ಏನ ಬೇಕಾದ್ರೂ ಇರ್ಲಿ. ಪದರದಾಗ ಬ್ಯಾಡ. ಮೂರು ಸಲ ಹಾಡಿದ್ರ ಮೀಂಡ ಮೂರು ಸಲ ಬ್ಯಾರೆ ಬ್ಯಾರೆ ವೇಳೆಕ್ಕ ಜಾರತೈತಿ, ಸ್ವರ ಎಲ್ಲಿ ನಿಂತು ಅನ್ನೋದ ತಿಳಿಯಂಗಿಲ್ಲ. ಪದರಕ್ಕ ನಿಂತ ಸ್ವರ, ಕಂಪ ಇಲ್ಲದ್ದು.

ಹಾಡಿನ ಪಟ್ಟಿ (ಶ್ರುತಿ) ಮಕ್ಕಳಿಗೆ ತಿಳಿಯೋ ಹಂಗ: 'ಕ್ಲೋಸ್ ಟು ಯೂ' ಬಿಳಿ ಒಂದರಾಗ ಸುರು ಆಗಿ ನಡುವ ಕರಿ ಒಂದಕ್ಕ ಏರತೈತಿ. 'ಟಾಪ್ ಆಫ್ ದಿ ವರ್ಲ್ಡ್' ಕರಿ ಐದು. 1973ರ 'ಯೆಸ್ಟರ್‌ಡೇ ಒನ್ಸ್ ಮೋರ್' ಬಿಳಿ ಮೂರು. ಪೇಟಿ ಮ್ಯಾಲೆ ಬಿಳಿ ಒಂದರಿಂದ ಕರಿ ಒಂದಕ್ಕ ಷಡ್ಜ ಸರಿಸಿ ತೋರ್ಸಿದ್ರ ಮಕ್ಕಳಿಗೆ ಥಟ್ಟನ ತಿಳಿಯತೈತಿ. ನಮ್ಮ ಪದ್ಧತಿಯೊಳಗ ಷಡ್ಜ ಅಲುಗಾಡಂಗಿಲ್ಲ, ಅವರು ಅಲುಗಾಡಸ್ತಾರ. ಅಲ್ಲಿ ಎಲೆಕ್ಟ್ರಾನಿಕ್ ತಾನ್‌ಪುರ ಚಾಲೂ ಇಟ್ಟೀರಿ ಅಂದ್ರ ಪೂರಾ ಕೆಡತೈತಿ.

ಇಲ್ಲೇದ ಹಾಡು ಆರಸ್ಕೊಂಡ್ರ ಭಾಳ ಚಲೋ. ಹಾವೇರಿ ಜಿಲ್ಲಾದ ಶಿಶುನಾಳ ಶರೀಫರ ತತ್ವಪದ ಭಜನಾಮೇಳದವರು ಹಾಡೋ ಸಾಂಪ್ರದಾಯಿಕ ಧಾಟಿಯೊಳಗ ತಗೋರಿ. ಸಾಹಿತ್ಯಕ್ಕ ಹಕ್ಕಿನ ತಕರಾರು ಇಲ್ಲ. ಕ್ಯಾಸೆಟ್‌ನಾಗ ಬಂದ ರಾಗಸಂಯೋಜನಿ ಆದ್ರ ಅದಕ್ಕ ಹಕ್ಕುದಾರರು ಇರ್ತಾರ, ನೋಡ್ಕೋರಿ. ಧಾಟಿ ಭೂಪ ರಾಗದ ಐದ ಸ್ವರದೊಳಗ ಕುಂತ್ರ ಜೋಡಿ ಸ್ವರ ಹಿಂಗ ಇಡ್ರಿ: ಹಾಡು ಗಾಂಧಾರದ ಮ್ಯಾಲೆ ಇದ್ದಾಗ ಕೆಳಗ ಷಡ್ಜ, ಮ್ಯಾಲೆ ಪಂಚಮ. ಪಂಚಮದ ಮ್ಯಾಲೆ ಇದ್ದಾಗ ಕೆಳಗ ಗಾಂಧಾರ, ಮ್ಯಾಲೆ ತಾರ ಷಡ್ಜ. ಧೈವತ ಬಂದಾಗ ಕೆಳಗ ಗಾಂಧಾರ, ಮ್ಯಾಲೆ ತಾರ ಷಡ್ಜ. ರಿಷಭ ಬಂದಾಗ ಮಂದ್ರ ಪಂಚಮ ಒಂದ ಸಾಕು. ಅಲ್ಲಿ ಪಾಶ್ಚಾತ್ಯ ಪದ್ಧತಿಯವರು ನಿಷಾದ ಕೂಡಸ್ತಾರ, ಕೂಡಸಿದ್ರ ಭೂಪ ಉಳಿಯಂಗಿಲ್ಲ. ನಾಲ್ಕು ಭಾಗಕ್ಕ ಹೋಗಬ್ಯಾಡ್ರಿ, ಹಾಡಿನ ಜೋಡಿ ಎರಡು ಭಾಗ, ತಲಾ ಮೂರು ಸಲ, ಅಷ್ಟ ಮಾಡ್ರಿ.

ಸಾಧನಕೇರಿ_ಶ್ರೋತೃ:

ಭಾಳ ಉಪಕಾರ ಆಯಿತು. ತತ್ವಪದವನ್ನೇ ಆರಿಸುತ್ತೇವೆ. ಇನ್ನೆರಡು ಸಣ್ಣ ಪ್ರಶ್ನೆ. ಒಂದು ದನಿಯಿಂದ ತಾನೇ ಸಂಗತಿ ಹುಟ್ಟಿಸುವ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶಕ್ಕೆ ಸೇರಿಸುವ ಉಪಕರಣ) ಬಳಸಬಹುದೇ? ಕ್ಯಾರನ್ ಸಾವಿನ ವಿಷಯ ಆ ವಯಸ್ಸಿನ ಮಕ್ಕಳ ಮುಂದೆ ಹೇಗೆ ಹೇಳುವುದು?

ಕೌದಿ_ರೆಕಾರ್ಡಿಂಗ್:

ಪ್ಲಗಿನ್ ಅಭ್ಯಾಸಕ್ಕೆ ಮಾತ್ರ. ಯಾವ ಭಾಗ ಎಲ್ಲಿ ಕೂಡುತ್ತದೆ ಎಂದು ಮೊದಲು ಕೇಳಿಕೊಳ್ಳಲು ಅನುಕೂಲ. ಅಂತಿಮ ರೆಕಾರ್ಡಿಂಗಿನಲ್ಲಿ ಬೇಡ, ಯಾಕೆಂದರೆ ಅದು ಮುಖ್ಯ ದನಿಯ ಮೀಂಡವನ್ನೇ ಪ್ರತಿ ಭಾಗಕ್ಕೂ ಎಳೆದು ತರುತ್ತದೆ, ವ್ಯಂಜನ ಎಲ್ಲಾ ಒಟ್ಟಿಗೆ ಚುಚ್ಚುತ್ತವೆ, ಗಾಂಧಾರವನ್ನು ಕೀಬೋರ್ಡಿನ ಅಳತೆಗೆ ಕೂರಿಸುತ್ತದೆ. ಪೇಟಿಯವರು ಹೇಳಿದ ಎರಡು ದೋಷ, ನಾನು ಹೇಳಿದ ಒಂದು, ಮೂರೂ ಒಂದೇ ಗುಂಡಿಯಲ್ಲಿ ಬಂದಂತೆ.

ವಿದ್ಯಾಗಿರಿ_ಓದುಗ:

ಎರಡನೆಯದಕ್ಕೆ. ಇದ್ದದ್ದನ್ನು ನೇರ ಹೇಳಿ, ಚಿಕ್ಕದಾಗಿ ಹೇಳಿ. ಕ್ಯಾರನ್ ತೀರಿಕೊಂಡದ್ದು 1983ರ ಫೆಬ್ರುವರಿ 4ರಂದು, 32ನೇ ವಯಸ್ಸಿನಲ್ಲಿ. ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆ ಹೃದಯವನ್ನು ದುರ್ಬಲ ಮಾಡಿತ್ತು. ಇದು ಊಟ ಬಿಡುವ ಹಟವೂ ಅಲ್ಲ, ಸೌಂದರ್ಯದ ಚಟವೂ ಅಲ್ಲ, ಚಿಕಿತ್ಸೆ ಬೇಕಾದ ಮನೋರೋಗ. ಆ ಕಾಲದಲ್ಲಿ ಅಮೆರಿಕದಲ್ಲೂ ಸಾಮಾನ್ಯ ಜನರಿಗೆ ಇದರ ಹೆಸರು ಗೊತ್ತಿರಲಿಲ್ಲ, ಆಕೆಯ ಸಾವಿನ ನಂತರವೇ ಎಲ್ಲೆಡೆ ಮಾತು ಶುರುವಾಯಿತು. ಇದೂ ಆಕೆಯಿಂದ ಉಳಿದದ್ದೇ. ತೂಕದ ಅಂಕಿ, ಆಕೆ ಏನು ತಿನ್ನುತ್ತಿದ್ದಳು, ಹೇಗೆ ಇಳಿಸಿದಳು ಎಂಬ ವಿವರ, ಸೊರಗಿದ ಫೋಟೋ ಯಾವುದೂ ಬೇಡ; ಈ ಕಾಯಿಲೆಯ ಅಂಚಿನಲ್ಲಿರುವ ಮಗುವಿಗೆ ಅದೇ ಮಾದರಿಯಾಗಿಬಿಡುತ್ತದೆ. ಈ ಮಾತು 'ಸೂಪರ್‌ಸ್ಟಾರ್' ಮತ್ತು 'ಗುಡ್‌ಬೈ ಟು ಲವ್' ನಡುವೆ ಬರಲಿ, ಕೊನೆಗೆ ಬೇಡ. ಕೊನೆಗಿಟ್ಟರೆ ಮಕ್ಕಳು ಮನೆಗೆ ಸಾವನ್ನೇ ಹೊತ್ತು ಹೋಗುತ್ತಾರೆ, ಹಾಡುಗಾರಿಕೆ ಮರೆಯುತ್ತಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯನ್ನು ಹಲಗೆಯ ಮೇಲೆ ಬರೆದಿಡಿ, ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ ಎಂದೂ ಹೇಳಿ.

ವಿನೈಲ್_ಹುಬ್ಬಳ್ಳಿ:

ಒಪ್ಪಿದೆ. ಜೊತೆಗೆ ರಿಚರ್ಡ್ ಮುಂದೆ ಮಾಡಿದ್ದನ್ನೂ ಹೇಳಿ. ತಂಗಿ ಹಾಡಿಟ್ಟ ದನಿಗಳನ್ನು ಹೊರತೆಗೆದು ಆಲ್ಬಮ್‌ಗಳನ್ನು ಪೂರ್ತಿ ಮಾಡಿದ, ಹಳೆಯ ಹಾಡುಗಳನ್ನು ಮತ್ತೆ ಮಿಶ್ರಣ ಮಾಡಿದ, 2018ರಲ್ಲಿ ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಅದೇ ದನಿಗಳಿಗೆ ಕೂಡಿಸಿದ. ಇದರಿಂದ ನಿಮಗೊಂದು ಪ್ರಾಯೋಗಿಕ ತೊಂದರೆ ಇದೆ: ಒಂದೇ ಹಾಡು ಆ್ಯಪ್‌ಗಳಲ್ಲಿ ನಾಲ್ಕೈದು ಬಗೆಯಲ್ಲಿ ಸಿಗುತ್ತದೆ. 70ರ ದಶಕದಲ್ಲಿ ಜನ ಕೇಳಿದ್ದು ಬೇಕೆಂದರೆ ಆಯಾ ವರ್ಷದ ಮೂಲ ಆಲ್ಬಮ್ ತೆರೆದು ನೋಡಿ, ಸಂಕಲನದಿಂದ ಎತ್ತಬೇಡಿ. 1973ರಲ್ಲಿ ಮತ್ತೆ ಹಾಡಿ ಬಿಟ್ಟ 'ಟಾಪ್ ಆಫ್ ದಿ ವರ್ಲ್ಡ್' ಮಾತ್ರ ಇದಕ್ಕೆ ಹೊರತು.

ರಾಣೆಬೆನ್ನೂರು_ಸೌಂಡ್:

ಸಭಾಂಗಣದ ಸ್ಪೀಕರ್ ಬಗ್ಗೆ ಯಾರೂ ಹೇಳಿಲ್ಲ, ಇಲ್ಲೇ ಎಲ್ಲಾ ಕೆಡೋದು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಸ್ಟೀರಿಯೋ ಪಿನ್ನಿನ ಒಂದೇ ಕೇಬಲ್ ತಂದು ಮಿಕ್ಸರಿನ ಬ್ಯಾಲೆನ್ಸ್ಡ್ ಮೊನೊ ಚಾನೆಲ್ಲಿಗೆ ಚುಚ್ಚಬೇಡಿ. ಆ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತದೆ, ಎರಡರಲ್ಲೂ ಸಮನಾಗಿರುವ ನಡುವಿನ ದನಿ ಅಳಿಸಿಹೋಗುತ್ತದೆ. ಅಂದರೆ ಕ್ಯಾರನ್ ಮಾಯ, ಹಿಂದಿನ ದನಿ ಮಾತ್ರ ಉಳಿಯುತ್ತದೆ. ಒಂದು ಸ್ಟೀರಿಯೋ ಪಿನ್ನಿನಿಂದ ಎರಡು ಮೊನೊ ಪಿನ್ ಆಗಿ ಒಡೆಯುವ ವೈ ಕೇಬಲ್ ತರ್ರಿ, ಎರಡು ಚಾನೆಲ್ಲಿಗೆ ಹಾಕಿ, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ತಿರುಗಿಸ್ರಿ. ಸ್ಪೀಕರ್ ಒಂದೇ ಕೆಲಸ ಮಾಡುತ್ತಿದ್ದರೆ ಎರಡೂ ಚಾನೆಲ್ ನಡುವೆ ಇಡ್ರಿ, ಇಲ್ಲಾಂದ್ರ ಒಂದು ಬದಿಯ ಪದರ ಪೂರಾ ಹೋಗುತ್ತದೆ.

ಅದೇ ಕಳೆಯುವ ಕ್ರಿಯೆ ಪಾಠಕ್ಕೂ ಒದಗುತ್ತದೆ. ಆಡಾಸಿಟಿ ಎಂಬ ಉಚಿತ ಧ್ವನಿ ತಂತ್ರಾಂಶದಲ್ಲಿ ಹಾಡು ತೆರೆದು ಸ್ಟೀರಿಯೋವನ್ನು ಎರಡು ಮೊನೊ ಟ್ರ್ಯಾಕಾಗಿ ಒಡೆದು, ಒಂದಕ್ಕೆ ಇನ್‌ವರ್ಟ್ (ಅಲೆಯನ್ನು ತಲೆಕೆಳಗು ಮಾಡುವುದು) ಕೊಟ್ಟು ಎರಡನ್ನೂ ಮೊನೊ ಆಗಿ ಕೂಡಿಸಿದರೆ ಮುಖ್ಯ ದನಿ ತಗ್ಗಿ ಬದಿಯ ಪದರಗಳು ಮೇಲೆ ಬರುತ್ತವೆ. ಮುಖ್ಯ ದನಿಯ ಅನುರಣನ ಸ್ವಲ್ಪ ಉಳಿಯುತ್ತದೆ, ಬಾಸ್ ಮತ್ತು ನಡುವಿನ ಡ್ರಮ್ಸ್ ಹೋಗುತ್ತವೆ, ನಡೆಯುತ್ತದೆ. ಎರಡನೇ ಸಲ ಕೇಳಿಸುವಾಗ ಇದನ್ನೇ ಕೇಳಿಸ್ರಿ. ನಿಮ್ಮ ಹುಡುಗರ ತತ್ವಪದವನ್ನೂ ಸಭಾಂಗಣಕ್ಕೆ ತರುವ ಮೊದಲು ಮೊನೊದಲ್ಲಿ ಒಮ್ಮೆ ಕೇಳಿ. ಪದರ ಥಟ್ಟನೆ ತೆಳ್ಳಗಾದರೆ ಎಲ್ಲೋ ಕಾಪಿ ಮಾಡಿ ಸರಿಸಿದ ಟ್ರ್ಯಾಕ್ ಉಳಿದುಕೊಂಡಿದೆ ಅಂತ ತಿಳೀರಿ, ಅದನ್ನು ತೆಗೆದು ಮತ್ತೆ ಹಾಡಿಸ್ರಿ.